ಬೇಲೂರು ಚೆನ್ನಕೇಶವ ದೇವಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು ನೋಡಿ ಬಂದವರು, ನೋಡಲು ಹೊರಟವರು, ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಮೊದಲು ಸುಲಭದವು, ಆಮೇಲೆ ಕಲ್ಲು ಮತ್ತು ಕಟ್ಟಡದ ವಿಚಾರ, ಕೊನೆಗೆ ಐತಿಹ್ಯ ಮತ್ತು ಶಾಸನ. ಯಾವುದು ಕಥೆ, ಯಾವುದು ಕಲ್ಲಿನ ಮೇಲೆ ಬರೆದಿರುವುದು ಎಂಬುದನ್ನು ಬೇರೆ ಬೇರೆಯಾಗಿಯೇ ಹೇಳಿದ್ದೇವೆ. ಬೇಲೂರಿನಲ್ಲಿ ಎರಡೂ ಧಾರಾಳವಾಗಿವೆ, ಎರಡಕ್ಕೂ ಅವುಗಳದೇ ಬೆಲೆಯಿದೆ.

## ಮೊದಲ ಸಲ ಹೋಗುವವರಿಗೆ

ಬೇಲೂರು ದೇವಸ್ಥಾನ ಕಟ್ಟಿಸಿದ್ದು ಯಾರು, ಯಾವಾಗ?

ಹೊಯ್ಸಳ ದೊರೆ ವಿಷ್ಣುವರ್ಧನ. ದೇವರ ಪ್ರತಿಷ್ಠೆ ಆದದ್ದು ಕ್ರಿ.ಶ. 1117ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಅವನ ದಂಡನಾಯಕ ಗಂಗರಾಜ ತಲಕಾಡಿನಲ್ಲಿ ಚೋಳರ ಕಡೆಯವರನ್ನು ಸೋಲಿಸಿದ್ದ. ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಎಂಬ ಬಿರುದು ಬಂದದ್ದು ಆ ಗೆಲುವಿನಿಂದ. ಆ ಜಯದ ನೆನಪಿಗೆ ಗುಡಿ ಕಟ್ಟಿಸಿದ ಎಂಬ ಮಾತಿಗೆ ವಿಜಯನಾರಾಯಣ ಎಂಬ ದೇವರ ಹೆಸರೇ ಬೆಂಬಲವಾಗಿದೆ. ಊರು ಹಾಸನ ಜಿಲ್ಲೆಯಲ್ಲಿ, ಯಗಚಿ ನದಿಯ ದಡದಲ್ಲಿದೆ. ಹಳೆಯ ಹೆಸರು ವೇಲಾಪುರ.

ಚೆನ್ನಕೇಶವನಾ, ವಿಜಯನಾರಾಯಣನಾ? ಯಾವ ಹೆಸರು ಸರಿ?

ಎರಡೂ ಸರಿ. ಪ್ರತಿಷ್ಠೆಯ ಕಾಲದ ಹೆಸರು ವಿಜಯನಾರಾಯಣ. ಚೆನ್ನಕೇಶವ ಎಂದರೆ ಚೆಲುವನಾದ ಕೇಶವ, ಜನರ ಬಾಯಲ್ಲಿ ನಿಂತದ್ದು ಇದು. ಊರಿನವರು ಇನ್ನೂ ಹತ್ತಿರದಿಂದ ‘ಚೆನ್ನಿಗರಾಯ’ ಎನ್ನುತ್ತಾರೆ. ತಲಕಾಡಿನ ಕೀರ್ತಿನಾರಾಯಣ, ಮೇಲುಕೋಟೆಯ ಚೆಲುವನಾರಾಯಣ, ತೊಂಡನೂರಿನ ನಂಬಿನಾರಾಯಣ, ಗದುಗಿನ ವೀರನಾರಾಯಣ, ಬೇಲೂರಿನ ವಿಜಯನಾರಾಯಣ ಸೇರಿ ಪಂಚನಾರಾಯಣ ಕ್ಷೇತ್ರಗಳು ಎಂಬ ನಂಬಿಕೆಯೂ ಇದೆ.

ಒಳಗೆ ಹೋದ ಮೇಲೆ ಎಲ್ಲಿಂದ ನೋಡೋಕೆ ಶುರು ಮಾಡ್ಬೇಕು? ಎಷ್ಟು ಹೊತ್ತು ಬೇಕು?

ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಹೆಚ್ಚಿನವರು ಮಹಾದ್ವಾರ ದಾಟಿ ನೇರ ಗರ್ಭಗುಡಿಗೆ ಹೋಗಿ, ಹೊರಗೆ ಬಂದು ಹೊರಗೋಡೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ದರ್ಶನಕ್ಕೆ ಅದು ಸಾಕು, ಶಿಲ್ಪಕ್ಕೆ ಸಾಲದು.

ಮಾಡಬೇಕಾದ್ದು ಇಷ್ಟು. ಪೂರ್ವದ ಬಾಗಿಲ ಮುಂದೆ ನಿಂತು ಜಗತಿ ಹತ್ತಿ. ಜಗತಿ ಅಂದರೆ ಗುಡಿಯ ಸುತ್ತ ನಕ್ಷತ್ರದ ಆಕಾರದಲ್ಲೇ ಹಾಸಿರುವ ಎತ್ತರದ ಕಟ್ಟೆ. ಗುಡಿ ನಿಮ್ಮ ಬಲಕ್ಕೆ ಇರುವಂತೆ ಎಡಕ್ಕೆ ತಿರುಗಿ ದಕ್ಷಿಣ, ಪಶ್ಚಿಮ, ಉತ್ತರ ಹೀಗೆ ಸುತ್ತಿ. ಹೊಯ್ಸಳರ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಒಳಗಡೆ ಪ್ರದಕ್ಷಿಣೆಯ ದಾರಿ ಇರುವುದಿಲ್ಲ, ಜಗತಿಯೇ ಪ್ರದಕ್ಷಿಣಾಪಥ. ಮೊದಲ ಸುತ್ತಿನಲ್ಲಿ ಕಣ್ಣು ಕೆಳಗಿನ ಪಟ್ಟಿಕೆಗಳ ಮೇಲಿರಲಿ, ಎರಡನೆಯ ಸುತ್ತಿನಲ್ಲಿ ನಡುವಿನ ದೇವತಾ ಶಿಲ್ಪಗಳು, ಮೂರನೆಯದರಲ್ಲಿ ಮದನಿಕೆಯರು, ಅಂದರೆ ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿರುವ ಹೆಣ್ಣುಶಿಲ್ಪಗಳು. ಒಂದೇ ಸುತ್ತಿನಲ್ಲಿ ಎಲ್ಲವನ್ನೂ ನೋಡಹೊರಟರೆ ಕತ್ತು ನೋಯುತ್ತದೆಯೇ ಹೊರತು ಏನೂ ನೆನಪಿರುವುದಿಲ್ಲ. ಚಿಕ್ಕ ದುರ್ಬೀನು ಇದ್ದರೆ ಮರೆಯದೆ ತನ್ನಿ.

ಚಪ್ಪಲಿ ಹೊರಗೇ ಬಿಡಬೇಕು. ಬೇಸಿಗೆ ಮಧ್ಯಾಹ್ನ ಅಂಗಳದ ಹಾಸುಗಲ್ಲು ಕಾದ ಹೆಂಚಾಗಿರುತ್ತದೆ. ಬೆಳಿಗ್ಗೆ ಬೇಗ ಹೋದರೆ ಪೂರ್ವದ ಗೋಡೆಗೆ ಒಳ್ಳೆಯ ಬೆಳಕು, ಸಂಜೆಗೆ ಪಶ್ಚಿಮದ್ದಕ್ಕೆ.

ಇದು ಬರೀ ಪ್ರವಾಸಿ ಸ್ಥಳಾನಾ, ಪೂಜೆ ಈಗಲೂ ನಡೆಯುತ್ತಾ?

ನಡೆಯುತ್ತದೆ. ನಿತ್ಯಪೂಜೆಯಿದೆ, ಚೈತ್ರದಲ್ಲಿ ದೊಡ್ಡ ರಥೋತ್ಸವವಿದೆ. ಪಕ್ಕದ ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಹೋಗಿ ಬಂದವರಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ: ಅಲ್ಲಿ ನೋಡುಗರು ಹೆಚ್ಚು, ಇಲ್ಲಿ ಭಕ್ತರೂ ಅಷ್ಟೇ ಇರುತ್ತಾರೆ. ಮಧ್ಯಾಹ್ನ ಗರ್ಭಗುಡಿ ಮುಚ್ಚುವ ಹೊತ್ತನ್ನು ವಿಚಾರಿಸಿಕೊಂಡು ಹೋಗಿ. ಮೂಲವಿಗ್ರಹದ ಫೋಟೋ ತೆಗೆಯಬೇಡಿ.

ಯುನೆಸ್ಕೊ ಪಟ್ಟಿಗೆ ಸೇರಿದ್ದು ಯಾವಾಗ?

2023ರ ಸೆಪ್ಟೆಂಬರ್ 18ರಂದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೆ ‘ಹೊಯ್ಸಳರ ಪವಿತ್ರ ದೇಗುಲ ಸಮುಚ್ಚಯ’ವಾಗಿ ವಿಶ್ವ ಪರಂಪರೆಯ ತಾಣಗಳಾದವು.

ಗರ್ಭಗುಡಿಯ ಮೇಲೆ ಶಿಖರ ಯಾಕಿಲ್ಲ? ಅರ್ಧಕ್ಕೇ ಬಿಟ್ಟರಾ?

ಬಿಟ್ಟಿರಲಿಲ್ಲ. ಶಿಖರ ಇತ್ತು. ಇಟ್ಟಿಗೆ, ಗಾರೆ, ಮರದಿಂದ ಕಟ್ಟಿ ಮೇಲೆ ಚಿನ್ನದ ಲೇಪದ ತಾಮ್ರದ ತಗಡು ಹೊದಿಸಿದ್ದ ಶಿಖರ. ವಿಜಯನಗರದ ಕಾಲದಲ್ಲಿ ಅದರ ಕಳಶವನ್ನು ಹೊಸದಾಗಿ ಇಡಿಸಿದ ದಾಖಲೆಯಿದೆ. ಶಿಥಿಲವಾದ ಶಿಖರದ ಭಾರ ಗರ್ಭಗುಡಿಗೆ ಅಪಾಯವಾದ್ದರಿಂದ 1879ರಲ್ಲಿ ಇಳಿಸಿದರು. ಕಲ್ಲಿನ ಗೋಡೆ ಶತಮಾನಗಟ್ಟಲೆ ನಿಲ್ಲುತ್ತದೆ. ಇಟ್ಟಿಗೆ ಮತ್ತು ಮರ ಮಲೆನಾಡಿನ ಅಂಚಿನ ಮಳೆಗೆ ಅಷ್ಟು ಕಾಲ ತಾಳುವುದಿಲ್ಲ.

ಮೂಲ ಶಿಖರದ ಅಂದಾಜು ಬೇಕಿದ್ದರೆ ಜಗತಿಯ ಮೆಟ್ಟಿಲುಗಳ ಎರಡೂ ಬದಿಯ ಪುಟ್ಟ ಗುಡಿಗಳನ್ನು ನೋಡಿ. ಅವು ಆ ಕಾಲದ ಶಿಲ್ಪಿಗಳು ಶಿಖರವನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದರ ಮಾದರಿಗಳು. ಇನ್ನು ನೀವು ಒಳಬರುವ ಮಹಾದ್ವಾರದ ಎತ್ತರದ ಗೋಪುರ ಹೊಯ್ಸಳರದಲ್ಲ. ಮೊದಲಿದ್ದುದು ದಾಳಿಯಲ್ಲಿ ಸುಟ್ಟುಹೋದ ಮೇಲೆ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ್ದು.

ಕಟ್ಟೋಕೆ 103 ವರ್ಷ ಬೇಕಾಯ್ತು, ಮೂರು ತಲೆಮಾರು ಕೆಲಸ ಮಾಡಿದ್ರು ಅಂತಾರಲ್ಲ?

1117ಕ್ಕೆ 103 ಕೂಡಿಸಿ ನೋಡಿ: 1220. ಅದು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಆಳ್ವಿಕೆ ಮುಗಿದ ವರ್ಷ. ಆ ಲೆಕ್ಕ ಹುಟ್ಟಿರುವುದು ಅಲ್ಲಿಂದಲೇ ಎಂದು ನಮಗನ್ನಿಸುತ್ತದೆ. ಆದರೆ 1117 ಕೆಲಸ ಶುರುವಾದ ವರ್ಷವಲ್ಲ, ದೇವರನ್ನು ಪ್ರತಿಷ್ಠಾಪಿಸಿದ ವರ್ಷ. ಗರ್ಭಗುಡಿ, ಅದರ ಮುಂದಿನ ಕಂಬಗಳ ಮಂಟಪವಾದ ನವರಂಗ ಆ ಹೊತ್ತಿಗೆ ಎದ್ದಿದ್ದವು. ಆಮೇಲೆ ಸೇರ್ಪಡೆಗಳು ನಡೆದೇ ಇದ್ದವು. ಮೊದಲು ತೆರೆದಿದ್ದ ನವರಂಗಕ್ಕೆ ಜಾಲಂಧ್ರ (ತೂತು ಕೊರೆದ ಕಲ್ಲಿನ ಜಾಲರಿ), ಬಾಗಿಲು ಕೂಡಿಸಿದ್ದು ಬಲ್ಲಾಳನ ಕಾಲದಲ್ಲಿ. ಅಜ್ಜ ಶುರುಮಾಡಿ ಮೊಮ್ಮಗ ಮುಗಿಸಿದ ಎಂಬ ಮಾತಿನಲ್ಲಿ ಇಷ್ಟರ ಮಟ್ಟಿಗೆ ನಿಜವಿದೆ.

## ಕಲ್ಲು, ಕಂಬ, ಚಾವಣಿ

ಯಂತ್ರ ಇಲ್ಲದೆ ಅಷ್ಟು ಸಣ್ಣ ಕೆತ್ತನೆ ಹೇಗೆ ಸಾಧ್ಯ?

ಮೊದಲ ಉತ್ತರ ಕಲ್ಲಿನಲ್ಲೇ ಇದೆ. ಇದು ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆಯುವ ಬಳಪದ ಜಾತಿಯದೇ. ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿರುತ್ತದೆ, ಗಾಳಿ ಬಿಸಿಲಿಗೆ ತೆರೆದುಕೊಂಡಂತೆ ಗಡುಸಾಗುತ್ತದೆ. ಹಂಪಿಯ ಕಣಶಿಲೆಯನ್ನು ಉಳಿಯಿಂದ ಹೊಡೆದರೆ ಚೂರು ಸಿಡಿಯುತ್ತದೆ. ಇದು ಹಾಗಲ್ಲ, ಉಳಿ ಹೋದ ಕಡೆ ತುಸು ತುಸುವೇ ಏಳುತ್ತದೆ. ಕಣ ನುಣುಪಾದ್ದರಿಂದ ಕೂದಲೆಳೆಯಷ್ಟು ಗೀರೂ ಒಡೆಯದೆ ನಿಲ್ಲುತ್ತದೆ.

ಎರಡನೆಯದು ಕೆಲಸದ ಕ್ರಮ. ಮೊದಲು ದಪ್ಪ ಉಳಿಯಿಂದ ಒಟ್ಟು ಆಕಾರ, ಆಮೇಲೆ ಅಂಗಾಂಗ, ಕೊನೆಗೆ ಸಣ್ಣ ಚಾಣದಿಂದ ಒಡವೆ, ಮುಡಿ, ಎಲೆ. ನೆರಳು ಬೇಕಾದ ಕಡೆ ಹಿಂಬದಿಯಿಂದ ಕೊರೆದು ಟೊಳ್ಳು ಮಾಡುತ್ತಾರೆ. ಮದನಿಕೆಯ ಹಾರ ಎದೆಯಿಂದ ಎದ್ದು ನಿಂತಂತೆ ಕಾಣುವುದು ಈ ಕೊರೆತದಿಂದ. ಕೆಲವು ಶಿಲ್ಪಗಳಲ್ಲಿ ಕೆಲಸ ಅರ್ಧಕ್ಕೆ ನಿಂತಿರುವುದು ಹೊಯ್ಸಳರ ಹಲವು ಗುಡಿಗಳಲ್ಲಿ ಕಾಣಸಿಗುತ್ತದೆ. ಕ್ರಮ ಕಲಿಯಬೇಕಾದರೆ ಪೂರ್ತಿಯಾದ ಶಿಲ್ಪಕ್ಕಿಂತ ಅಂಥ ಅರೆಬರೆ ಕಲ್ಲು ಒಳ್ಳೆಯ ಮೇಷ್ಟ್ರು.

ಗಾರೆ ಹಾಕದೆ ಗೋಡೆ ಹೇಗೆ ನಿಂತಿದೆ?

ಭಾರದಿಂದ ಮತ್ತು ಒಂದರೊಳಗೊಂದು ಕೂರುವ ಸಂದಿನಿಂದ. ಕಲ್ಲಿನ ಮುಖವನ್ನು ಉಜ್ಜಿ ಮಟ್ಟ ಮಾಡಿ, ಒಂದರಲ್ಲಿ ಗುಳಿ ಇನ್ನೊಂದರಲ್ಲಿ ಗೂಟ ಬಿಟ್ಟು ಕೂಡಿಸುತ್ತಾರೆ. ಕಂಬ ಒಂದೇ ಕಲ್ಲಾಗಿ ಕಂಡರೂ ಅಡಿಪೀಠ, ಕಾಂಡ, ಮೇಲಿನ ಫಲಕ, ತೊಲೆಗೆ ಆನಿಕೆಯಾಗುವ ಬೋದಿಗೆ ಹೀಗೆ ಬೇರೆ ಬೇರೆ ತುಂಡುಗಳಿರುತ್ತವೆ. ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಾವಣಿ. ಭಾರವೆಲ್ಲ ನೇರವಾಗಿ ಕೆಳಗಿಳಿಯುತ್ತದೆ. ಈ ಪದ್ಧತಿಯ ತೊಂದರೆಯೂ ಅಲ್ಲೇ ಇದೆ: ಅಡಿಪಾಯ ಒಂದು ಮೂಲೆಯಲ್ಲಿ ಕುಸಿದರೆ ತೊಲೆ ಬಾಗುವುದಿಲ್ಲ, ಬಿರಿಯುತ್ತದೆ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ.

ಗುಡಿ ನಕ್ಷತ್ರದ ಹಾಗಿದೆ ಅಂತಾರೆ. ಆ ನಕ್ಷೆ ಹಾಕೋದು ಹೇಗೆ?

ಗೂಟ, ಹಗ್ಗ ಇದ್ದರೆ ಸಾಕು. ನೆಲದಲ್ಲಿ ಒಂದು ಕೇಂದ್ರ ಗುರುತಿಸಿ ಅದರ ಸುತ್ತ ಒಂದು ಚೌಕ ಹಾಕಿ. ಅದೇ ಅಳತೆಯ ಚೌಕವನ್ನು ಅದೇ ಕೇಂದ್ರದ ಸುತ್ತ 22.5 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಹಾಕಿ. ಹೀಗೆ ಒಟ್ಟು ನಾಲ್ಕು ಚೌಕ ಹಾಕಿದರೆ 16 ಮೂಲೆಗಳು ಹೊರಚಾಚುತ್ತವೆ. ಬೇಲೂರಿನ ಗರ್ಭಗುಡಿಯ ಹೊರನಕ್ಷೆಯ ತತ್ತ್ವ ಇದು. ದಕ್ಷಿಣ, ಪಶ್ಚಿಮ, ಉತ್ತರದ ಮೂಲೆಗಳನ್ನು ಎರಡಂತಸ್ತಿನ ದೇವಕೋಷ್ಠಗಳು (ಗೋಡೆಗೆ ಅಂಟಿದ ಪುಟ್ಟ ಗುಡಿಗಳು) ಮುಚ್ಚಿವೆ, ಪೂರ್ವದ್ದು ಗರ್ಭಗುಡಿಗೂ ನವರಂಗಕ್ಕೂ ನಡುವಿನ ಸುಕನಾಸಿಯೊಳಗೆ ಅಡಗಿದೆ. ಆದ್ದರಿಂದ ಎಣಿಸಿದವರಿಗೆ 16 ಸಿಗದೆ ಗೊಂದಲವಾಗುತ್ತದೆ. ದೇವಕೋಷ್ಠಗಳ ನಡುವಿನ ಮೂಲೆಗಳನ್ನು ಮಾತ್ರ ಎಣಿಸಿ.

ಮಡಿಕೆ ಮಡಿಕೆಯಾದ ಗೋಡೆಯಿಂದ ಎರಡು ಲಾಭ. ಅಷ್ಟೇ ಜಾಗದಲ್ಲಿ ಶಿಲ್ಪಕ್ಕೆ ಹೆಚ್ಚು ಮೈ ಸಿಗುತ್ತದೆ. ಮತ್ತೆ ಸೂರ್ಯ ಸರಿದಂತೆ ಒಂದು ಮುಖ ಬೆಳಗಿ ಪಕ್ಕದ್ದು ನೆರಳಾಗುತ್ತದೆ. ಒಂದೇ ವಿಗ್ರಹ ಬೆಳಿಗ್ಗೆ ಒಂದು ಥರ, ಸಂಜೆಗೆ ಇನ್ನೊಂದು ಥರ ಕಾಣುವುದು ಅದರಿಂದ.

ಕಂಬಗಳನ್ನ ಲೇತ್ ಮೆಷಿನ್‌ನಲ್ಲಿ ತಿರುವಿದ್ದಾರಾ?

ತಿರುವಿರುವುದು ನಿಜ, ಇಂದಿನ ಅರ್ಥದ ಯಂತ್ರದಿಂದಲ್ಲ. ಕಾಂಡವನ್ನು ಒರಟಾಗಿ ದುಂಡು ಮಾಡಿ, ಎರಡೂ ತುದಿಗೆ ಕೀಲು ಕೊಟ್ಟು ತಿರುಗಿಸುತ್ತ ಉಳಿ ಒತ್ತಿ ಹಿಡಿದರೆ ಬಳೆಯಂಥ ಉಂಗುರಗಳು ಮೂಡುತ್ತವೆ. ಗಂಟೆಯಾಕಾರದ ಭಾಗ, ಅದರ ಮೇಲಿನ ಚಪ್ಪಟೆ ಬಿಲ್ಲೆ ಇವೆಲ್ಲ ಆ ವಿಧಾನದ ಗುರುತುಗಳು. ಕಂಬದ ಮೈಗೆ ಅಡ್ಡಲಾಗಿ ಬೆಳಕು ಬಿದ್ದಾಗ ಸಮಾನಾಂತರವಾದ ನವಿರು ಗೆರೆಗಳು ಕಾಣುತ್ತವೆ. ಬಳಪದ ಕಲ್ಲು ಮೆದುವಾದ್ದರಿಂದ ಇದು ಸಾಧ್ಯವಾಯಿತು. ಆದರೆ ನವರಂಗದ ಎಲ್ಲ ಕಂಬಗಳೂ ಹೀಗಲ್ಲ. ನಕ್ಷತ್ರದಂತೆ ಕೋನ ಇರುವವು, ಮೈತುಂಬ ಗೊಂಬೆ ಇರುವವು ಕೈಯಲ್ಲೇ ಕಡೆದವು. ತಿರುಗಣೆಯಲ್ಲಿ ದುಂಡಲ್ಲದ್ದನ್ನು ಮಾಡಲು ಬರುವುದಿಲ್ಲ.

ನಡುವಿನ ಗುಮ್ಮಟದಂಥ ಚಾವಣಿ ಬೀಳದೆ ಹೇಗಿದೆ?

ಅದಕ್ಕೆ ಭುವನೇಶ್ವರಿ ಎನ್ನುತ್ತಾರೆ. ಅದು ನಿಜವಾದ ಗುಮ್ಮಟವಲ್ಲ. ನಾಲ್ಕು ಕಂಬದ ಮೇಲೆ ನಾಲ್ಕು ತೊಲೆ ಇಟ್ಟು ಚೌಕ ಮಾಡುತ್ತಾರೆ. ನಾಲ್ಕು ಮೂಲೆಗೆ ಅಡ್ಡಗಲ್ಲು ಹಾಕಿದರೆ ಎಂಟು ಮೂಲೆಯಾಗುತ್ತದೆ. ಅದರ ಮೇಲೆ ಒಂದಕ್ಕಿಂತ ಒಂದು ತುಸು ಒಳಚಾಚಿದ ಸುತ್ತುಗಲ್ಲುಗಳು, ಕೊನೆಯ ಕಿಂಡಿಗೆ ಮುಚ್ಚುಗಲ್ಲು. ಪ್ರತಿ ಸುತ್ತಿನ ಹಿಂಬದಿಯ ಭಾರ ಮುಂದಿನ ಚಾಚನ್ನು ಹಿಡಿದಿಡುತ್ತದೆ. ನಡುವಿನಿಂದ ಇಳಿಬಿದ್ದ ತಾವರೆ ಮೊಗ್ಗಿನ ತುದಿಯಲ್ಲಿ ನರಸಿಂಹನಿದ್ದಾನೆ, ಅಂಚಿನಲ್ಲಿ ರಾಮಾಯಣದ ಸಾಲಿದೆ. ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ಮನೆ ನಿಂತು ಆಮೇಲೆ ತಲೆಯೆತ್ತಿ.

## ಶಿಲ್ಪಗಳ ವಿಚಾರ

ಮದನಿಕೆಯರು ಎಷ್ಟು? ಅವರು ಸೂರನ್ನು ಹೊತ್ತಿದ್ದಾರಾ?

ಒಟ್ಟು 42: ಹೊರಗೆ ಸೂರಿನ ಕೆಳಗೆ 38, ಒಳಗೆ ನವರಂಗದ ನಡುಗಂಬಗಳ ಮೇಲೆ 4. ಕಂಬದ ತಲೆಯಿಂದ ಸೂರಿಗೆ ಓರೆಯಾಗಿ ಆನಿಸಿದ್ದರಿಂದ ಹೊತ್ತಂತೆ ಕಾಣುತ್ತಾರೆ. ಪ್ರತಿಯೊಂದನ್ನೂ ಬೇರೆಯಾಗಿ ಕಡೆದು, ಕಂಬ ನಿಂತ ಮೇಲೆ ಗುಳಿಯಲ್ಲಿ ಕೂರಿಸಿದ್ದಾರೆ. ಅವು ಅಲಂಕಾರಕ್ಕೆ, ಸೂರಿನ ಭಾರಕ್ಕೆ ಅವನ್ನು ನೆಚ್ಚಿಕೊಂಡಿಲ್ಲ.

ದರ್ಪಣಸುಂದರಿ, ಗಿಳಿಯೊಡನೆ ಮಾತಾಡುವ ಶುಕಭಾಷಿಣಿ, ಸೀರೆ ಎಳೆಯುವ ಮಂಗನನ್ನು ಗದರಿಸುವ ಕಪಿಕುಪಿತೆ, ತಲೆಯ ಮೇಲೆ ಕೈಯಿಟ್ಟ ಭಸ್ಮಮೋಹಿನಿ ಎಲ್ಲರಿಗೂ ಗೊತ್ತು. ಗೈಡುಗಳು ತೋರಿಸದೆ ಮುಂದೆ ಹೋಗುವ ಜಾಗ ಮದನಿಕೆಯ ತಲೆಯ ಮೇಲಿನ ಬಳ್ಳಿಚಪ್ಪರ. ಒಂದರಲ್ಲಿ ಹಣ್ಣಿನ ಮೇಲೆ ನೊಣ ಕೂತಿದೆ, ಅದನ್ನು ಹಿಡಿಯಲು ಹಲ್ಲಿ ಮೈ ಹಿಡಿ ಮಾಡಿಕೊಂಡು ಹೊಂಚುತ್ತಿದೆ. ಕೆಳಗೆ ನಿಂತವರಿಗೆ ಬರಿಗಣ್ಣಿಗೆ ಸುಲಭಕ್ಕೆ ಕಾಣದ ಎತ್ತರದಲ್ಲಿ, ಯಾರೂ ನೋಡದೆ ಹೋಗಬಹುದಾದ ನೊಣವನ್ನು ರೆಕ್ಕೆ ಸಮೇತ ಕಡೆದಿದ್ದಾನೆ. ಒಳಗಿನ ಮದನಿಕೆಯೊಬ್ಬಳ ತೋಳಿನ ಬಳೆ ಬಿಡಿಯಾಗಿ ಅಲುಗುವಂತಿದೆ. ತೋಳು, ಬಳೆ ಎರಡೂ ಒಂದೇ ಕಲ್ಲಿನವು.

ದರ್ಪಣಸುಂದರಿ ಶಾಂತಲೆಯಂತೆ, ಹೌದಾ?

ವಿಷ್ಣುವರ್ಧನನ ರಾಣಿ ಶಾಂತಲೆಯೇ ಎಂದು ಹೇಳುತ್ತಾರೆ, ಕಲ್ಲಿನ ಮೇಲೆ ಹಾಗೆ ಬರೆದಿಲ್ಲ. ರಾಜರಾಣಿಯರೆಂದು ಗುರುತಿಸುವುದು ಪೂರ್ವದ ಬಾಗಿಲ ಪಕ್ಕದ ಜಾಲಂಧ್ರದ ಒಡ್ಡೋಲಗದ ದೃಶ್ಯವನ್ನು. ನವರಂಗದ ನಡುವಿನ ದುಂಡು ಹಾಸುಗಲ್ಲಿನ ಮೇಲೆ ಶಾಂತಲೆ ದೇವರ ಮುಂದೆ ಕುಣಿದಳು ಎಂಬುದೂ ಐತಿಹ್ಯ. ಶಾಸನದ ಆಧಾರ ಇರುವುದು ಬೇರೆ ವಿಷಯಕ್ಕೆ: ಇದೇ ಅಂಗಳದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲಾದೇವಿ ಮಾಡಿಸಿದ್ದು.

ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತಂತೆ, ಈಗ ಯಾಕೆ ತಿರುಗಲ್ಲ?

ಈಗ ತಿರುಗುವುದಿಲ್ಲ. ಹಿಂದೆ ತಿರುಗುತ್ತಿತ್ತು ಎಂಬುದು ಪ್ರತೀತಿ. ಮೇಲಿನ ತೊಲೆಯ ಭಾರ ಹೊತ್ತ ಕಂಬವನ್ನು ಅಲುಗಿಸಲು ಹೋಗುವುದು ಯಾವ ಕಾಲಕ್ಕೂ ಒಳ್ಳೆಯದಲ್ಲ. ಕಂಬದ ನಿಜವಾದ ಸೊಗಸು ಅಡಿಯಿಂದ ಮುಡಿಯವರೆಗಿನ ಸಣ್ಣ ಸಣ್ಣ ಗೊಂಬೆಗಳಲ್ಲಿದೆ. ಅವುಗಳ ನಡುವೆ ಕಡಲೆಕಾಳಿನಷ್ಟು ಚಿಕ್ಕದೊಂದು ಬಸವನಿದೆ. ಅದಕ್ಕೆ ಕಡಲೆ ಬಸವ ಎಂದೇ ಹೆಸರು. ಒಂದು ಚೌಕ ಮಾತ್ರ ಖಾಲಿ ಇದೆ. ಇಷ್ಟಕ್ಕೆ ಸರಿಸಾಟಿಯಾಗಿ ಕಡೆಯಬಲ್ಲವನು ತುಂಬಲಿ ಎಂದು ಶಿಲ್ಪಿ ಬಿಟ್ಟ ಎನ್ನುತ್ತಾರೆ.

ಕೆಳಗಿನ ಸಾಲಲ್ಲಿ ಯಾವಾಗಲೂ ಆನೆಯೇ ಯಾಕೆ?

ಭಾರ ಹೊರುವ ಪ್ರಾಣಿ ಆನೆ. ಗುಡಿಯನ್ನು ಬೆನ್ನ ಮೇಲೆ ಹೊತ್ತಂತೆ ತಳದಲ್ಲಿ ನಿಲ್ಲಿಸುತ್ತಾರೆ. ಬೇಲೂರಿನಲ್ಲಿ ಆರುನೂರಕ್ಕೂ ಹೆಚ್ಚು ಆನೆಗಳಿವೆ, ಒಂದರ ಸೊಂಡಿಲಿನ ತಿರುವು ಇನ್ನೊಂದಕ್ಕಿಲ್ಲ. ಮುಂದೆ ಬೆಳೆದ ಪದ್ಧತಿ ಹಳೇಬೀಡಿನಲ್ಲಿ ಕಾಣುತ್ತದೆ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಹೀಗೆ ಎಂಟು ಸಾಲು. ಬೇಲೂರಿನಲ್ಲಿ ಆ ಎಂಟರ ಕ್ರಮ ಇನ್ನೂ ಗಟ್ಟಿಯಾಗಿಲ್ಲ.

ಅಂಗಳದ ದೀಪಸ್ತಂಭ ಅಡಿಪಾಯ ಇಲ್ಲದೆ ಗಾಳಿಯಲ್ಲಿ ನಿಂತಿದೆಯಾ?

ಗಾಳಿಯಲ್ಲಿಲ್ಲ, ಕಟ್ಟೆಯ ಮೇಲೆ ನಿಂತಿದೆ. ಹೂಳಿಲ್ಲ, ಅಷ್ಟೇ. ಇದು ವಿಜಯನಗರ ಕಾಲದ ಒಂಟಿಗಲ್ಲಿನ ಕಂಬ, ಎತ್ತರ ಸುಮಾರು 42 ಅಡಿ. ಬುಡ ಅಗಲವಾಗಿ, ಮೇಲೆ ಹೋದಂತೆ ಸಣ್ಣದಾಗಿ ಇದ್ದರೆ ಭಾರದ ಕೇಂದ್ರ ಕೆಳಗೇ ಉಳಿಯುತ್ತದೆ. ಗಾಳಿ ತಳ್ಳಿದರೂ ಆ ಕೇಂದ್ರ ಬುಡದ ಅಂಚು ದಾಟುವುದಿಲ್ಲ. ಎರಡು ಒರಟು ಕಲ್ಲಿನ ಮುಖಗಳು ಎಲ್ಲ ಕಡೆ ತಾಗುವುದಿಲ್ಲವಾದ್ದರಿಂದ ಒಂದು ಬದಿಯಲ್ಲಿ ಕಾಗದ ತೂರುತ್ತದೆ. ಇದರಲ್ಲಿ ಪವಾಡವಿಲ್ಲ. ಮೆಚ್ಚಬೇಕಾದ್ದು ಅಷ್ಟು ಉದ್ದದ ಕಲ್ಲನ್ನು ಮುರಿಯದೆ ತಂದು ನಿಲ್ಲಿಸಿದ್ದನ್ನು.

## ಐತಿಹ್ಯಗಳು

ಹುಲಿ ಹೊಡೀತಿರೋ ಸಳನ ಕಥೆ ನಿಜವಾ?

ಸೊಸೆಯೂರಿನಲ್ಲಿ ಜೈನ ಮುನಿ ಸುದತ್ತರು ಪಾಠ ಹೇಳುತ್ತಿದ್ದಾಗ ಹುಲಿ ಮೇಲೆರಗಿತು. ಅವರು ‘ಹೊಯ್ ಸಳ’ ಎಂದರು, ಶಿಷ್ಯ ಸಳ ಹೊಯ್ದು ಕೊಂದ, ವಂಶಕ್ಕೆ ಹೊಯ್ಸಳ ಎಂಬ ಹೆಸರಾಯಿತು. ಸೊಸೆಯೂರು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಈ ಕಥೆ ಮೊದಲು ಕಾಣಿಸಿಕೊಳ್ಳುವುದು ಬೇಲೂರಿನ 1117ರ ಶಾಸನದಲ್ಲೇ. ಅಂದರೆ ವಂಶ ದೊಡ್ಡದಾದ ಮೇಲೆ ತನ್ನ ಮೂಲವನ್ನು ತಾನೇ ಹೇಳಿಕೊಂಡ ಕಥೆ. ಬಾಗಿಲ ಪಕ್ಕದ ಸಳನ ಶಿಲ್ಪ ಲಾಂಛನ, ಚರಿತ್ರೆಯ ವರದಿಯಲ್ಲ.

ಜಕಣಾಚಾರಿಯ ಕಥೆ ಸಂಕ್ಷಿಪ್ತವಾಗಿ ಹೇಳಿ. ಅವನೇ ಬೇಲೂರು ಕಟ್ಟಿದ್ದಾ?

ಕ್ರೀಡಾಪುರದ ಜಕಣಾಚಾರಿ ಶಿಲ್ಪದ ಗೀಳಿನಲ್ಲಿ ಬಸುರಿ ಹೆಂಡತಿಯನ್ನು ಬಿಟ್ಟು ದೇಶಾಂತರ ಹೋದ. ಹುಟ್ಟಿದ ಮಗ ಡಂಕಣ ದೊಡ್ಡವನಾಗಿ, ತಾನೂ ಶಿಲ್ಪಿಯಾಗಿ, ಅಪ್ಪನನ್ನು ಹುಡುಕುತ್ತ ಬೇಲೂರಿಗೆ ಬಂದ. ಪ್ರತಿಷ್ಠೆಗೆ ಸಿದ್ಧವಾಗಿದ್ದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ಇದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣ ಪಂಥ ಕಟ್ಟಿದ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟಾಗ ನೀರು, ಮರಳಿನ ಜೊತೆ ಕಪ್ಪೆ ಹೊರಬಂತು. ಜಕಣ ಮಾತಿನಂತೆ ಕೈ ಕಡಿದುಕೊಂಡ, ಆಮೇಲೆ ಅಪ್ಪ ಮಗ ಒಬ್ಬರನ್ನೊಬ್ಬರು ಗುರುತಿಸಿದರು. ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತು, ಊರು ‘ಕೈದಾಳ’ವಾಯಿತು.

ಚರಿತ್ರೆ ಹೇಳುವುದು ಬೇರೆ. ತುಮಕೂರಿನ ಹತ್ತಿರದ ಕೈದಾಳದ ಗುಡಿಯನ್ನು ಕ್ರಿ.ಶ. 1150ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಸಾಮಂತ ಗೂಳಿಬಾಚಿ ಎಂದು ಅಲ್ಲಿನ ಶಾಸನವಿದೆ. ಬೇಲೂರಿನಲ್ಲಿ ಶಿಲ್ಪಿಗಳ ಸಹಿಗಳು ಬಹಳಷ್ಟಿವೆ, ಅವುಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ನೂರಾರು ಕೈಗಳ ಕೆಲಸಕ್ಕೆ ಜನರ ನೆನಪು ಒಬ್ಬ ಮನುಷ್ಯನ ಮುಖ ಕೊಟ್ಟಿದೆ.

ಗಂಧ ಹಚ್ಚಿ ಕಲ್ಲು ಪರೀಕ್ಷೆ ಮಾಡೋದು ನಿಜವಾಗ್ಲೂ ಇದೆಯಾ?

ಇದೆ. ಕಥೆಯ ಒಳಗಿರುವ ಕಸುಬಿನ ತಿಳಿವಳಿಕೆ ಇದು. ಶಿಲ್ಪಶಾಸ್ತ್ರಗಳು ಒಳಗೆ ಟೊಳ್ಳು ಅಥವಾ ಬೇರೆ ವಸ್ತು ಇರುವ ಶಿಲೆಯನ್ನು ಗರ್ಭವಿರುವ ಶಿಲೆ ಎಂದು ಕರೆದು ವಿಗ್ರಹಕ್ಕೆ ಬೇಡ ಎನ್ನುತ್ತವೆ. ಲೇಪ ಹಚ್ಚಿ ಬಣ್ಣದ ವ್ಯತ್ಯಾಸ ನೋಡುವುದನ್ನೂ ಹೇಳುತ್ತವೆ. ಕಾರಣ ಸರಳ: ಕಣ್ಣಿಗೆ ಕಾಣದ ಬಿರುಕಿನಲ್ಲಿ ತೇವ ನಿಂತಿದ್ದರೆ ಅದರ ಮೇಲಿನ ಲೇಪ ತಡವಾಗಿ ಒಣಗುತ್ತದೆ. ಎರಡನೆಯ ಪರೀಕ್ಷೆ ಕಿವಿಯದು. ಸುತ್ತಿಗೆಯಿಂದ ತಟ್ಟಿದರೆ ಒಳ್ಳೆಯ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ, ಬಿರುಕಿದ್ದುದು ಬೊದ್ದು ಸದ್ದು ಮಾಡುತ್ತದೆ. ಗಂಡುಶಿಲೆ, ಹೆಣ್ಣುಶಿಲೆ ಎಂಬ ವಿಂಗಡಣೆಯಲ್ಲೂ ದನಿಗೆ ಪಾತ್ರವಿದೆ.

ದೇವರಿಗೆ ಚಪ್ಪಲಿ ಯಾಕೆ ಒಪ್ಪಿಸ್ತಾರೆ?

ವಿಗ್ರಹ ಬಾಬಾಬುಡನ್‌ಗಿರಿಯಿಂದ ಬಂತು, ದೇವಿ ಅಲ್ಲೇ ಉಳಿದಳು ಎಂಬ ಕಥೆಯಿದೆ. ಅವಳನ್ನು ನೋಡಲು ಚೆನ್ನಿಗರಾಯ ಬೆಟ್ಟಕ್ಕೆ ನಡೆದು ಹೋಗುತ್ತಾನೆ, ಮೆಟ್ಟು ಸವೆಯುತ್ತವೆ. ಆದ್ದರಿಂದ ಚಮ್ಮಾರರು ದೊಡ್ಡ ಅಳತೆಯ ಚರ್ಮದ ಮೆಟ್ಟು ಮಾಡಿ ಒಪ್ಪಿಸುವ ಪದ್ಧತಿ ಬಂತು. ಹೆಂಡತಿಯನ್ನು ಕಾಣಲು ದೇವರೇ ಘಟ್ಟ ಹತ್ತುವ ಈ ಕಥೆ ನಮಗೆ ಬೇಲೂರಿನ ಎಲ್ಲ ಕಥೆಗಳಿಗಿಂತ ಇಷ್ಟ.

ರಾಮಾನುಜರಿಂದ ವಿಷ್ಣುವರ್ಧನ ಮತ ಬದಲಿಸಿದ ಮೇಲೆ ಜೈನರನ್ನು ಬಿಟ್ಟನಾ?

ಬಿಟ್ಟ ಎಂದು ಶಾಸನಗಳಿಂದ ಕಾಣುವುದಿಲ್ಲ. ಬಿಟ್ಟಿದೇವ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಎಂಬುದು ಸಂಪ್ರದಾಯದ ಮಾತು. ಶಾಂತಲೆ ಮಾತ್ರ ಕೊನೆಯವರೆಗೂ ಜೈನಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಲಕಾಡು ಗೆದ್ದ ಗಂಗರಾಜನೂ ಜೈನ. ಬೇಲೂರಿನ 1397ರ ಶಾಸನದಲ್ಲಿ ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮನೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಪೂಜಿಸುವವನು ಈ ಕೇಶವನೇ ಎಂಬ ಶ್ಲೋಕವಿದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಗೋಡೆಯಲ್ಲಿ ವಿಷ್ಣುವಿನ ಎಷ್ಟೋ ಮೂರ್ತಿ ಇವೆ. ಕೇಶವ ಯಾವುದು ಅಂತ ಹೇಗೆ ಗುರುತಿಸೋದು?

ಶಂಖ, ಚಕ್ರ, ಗದೆ, ಪದ್ಮ ನಾಲ್ಕನ್ನು ನಾಲ್ಕು ಕೈಗಳಲ್ಲಿ ಅದಲು ಬದಲು ಮಾಡಿದರೆ 24 ಜೋಡಣೆಗಳು. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ 24 ಹೆಸರುಗಳು ಇವಕ್ಕೇ. ನೋಡುವ ಕ್ರಮ: ಮೂರ್ತಿಯ ಕೆಳಗಿನ ಬಲಗೈಯಿಂದ ಶುರುಮಾಡಿ ಮೇಲಿನ ಬಲಗೈ, ಮೇಲಿನ ಎಡಗೈ, ಕೆಳಗಿನ ಎಡಗೈ. ಈ ಸುತ್ತಿನಲ್ಲಿ ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಬಂದರೆ ನಾರಾಯಣ. ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ನಮ್ಮ ಬಲವನ್ನು ಮೂರ್ತಿಯ ಬಲ ಎಂದುಕೊಳ್ಳುವುದು. ಇನ್ನೊಂದು, ಕೈ ಮುರಿದ ಮೂರ್ತಿಗೆ ಊಹೆಯಿಂದ ಹೆಸರಿಡುವುದು. ನಾಲ್ಕರಲ್ಲಿ ಮೂರು ಉಳಿದಿದ್ದರೆ ನಾಲ್ಕನೆಯದು ತಾನೇ ತಿಳಿಯುತ್ತದೆ. ಎರಡೇ ಉಳಿದಿದ್ದರೆ ಹೆಸರಿಡದೆ ಬಿಡುವುದು ಒಳ್ಳೆಯದು.

ಮುಟ್ಟಿದ್ರೆ ಏನಾಗುತ್ತೆ? ಕಲ್ಲು ತಾನೇ?

ಈ ಕಲ್ಲಿನಲ್ಲಿ ಕೀಲಿಕೈಯಿಂದಲೂ ಗೀರು ಬೀಳುತ್ತದೆ. ಒಂದು ಕೈ ಮುಟ್ಟಿದರೆ ಏನೂ ಆಗುವುದಿಲ್ಲ, ದಿನವೂ ಸಾವಿರ ಕೈ ಮುಟ್ಟಿದರೆ ಒಡವೆಯ ಏಣು ಮೊದಲು ಸವೆಯುತ್ತದೆ, ಆಮೇಲೆ ಮೂಗು. ಎಣ್ಣೆ, ಕುಂಕುಮ ಹಚ್ಚಿದ ಕಡೆ ದೂಳು ಅಂಟಿ ಕಪ್ಪು ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಉಜ್ಜಿದರೆ ಕೆತ್ತನೆಯೂ ಉಜ್ಜಿಹೋಗುತ್ತದೆ. ಚಾವಣಿಯ ಸಂದಿನಿಂದ ಇಳಿಯುವ ನೀರು ಇನ್ನೊಂದು ಶತ್ರು. ಸಂದಿಗೆ ಸಿಮೆಂಟು ತುಂಬಿದರೆ ನೀರು ಅಲ್ಲಿ ನಿಲ್ಲದೆ ಪಕ್ಕದ ಮೆದು ಕಲ್ಲಿನೊಳಗೆ ಇಳಿಯುತ್ತದೆ, ಸಿಮೆಂಟಿನ ಉಪ್ಪು ಕಲ್ಲಿನ ಮೈಯನ್ನು ಹೆಕ್ಕಳೆಯಾಗಿ ಏಳಿಸುತ್ತದೆ. ಸುಣ್ಣದ ಗಾರೆಯೇ ಅಲ್ಲಿಗೆ ತಕ್ಕದ್ದು.

ಶಿಲ್ಪಿಗಳ ಸಹಿ ಎಲ್ಲಿ ಸಿಗುತ್ತೆ? ಓದೋಕೆ ಬರುತ್ತಾ?

ಮದನಿಕೆಯರ ಪಾದಪೀಠದಲ್ಲಿ ಹುಡುಕಿ. ದೇವಾಲಯದ ಆವರಣದಲ್ಲಿ 12ರಿಂದ 18ನೆಯ ಶತಮಾನದವರೆಗಿನ ನೂರಕ್ಕೂ ಮಿಕ್ಕಿದ ಶಾಸನಗಳಿವೆ. ಅವುಗಳ ಜೊತೆ ಈ ಪುಟ್ಟ ಸಹಿಗಳು. ಲಿಪಿ ಹಳೆಯ ಕನ್ನಡದ್ದು, ತಲೆಕಟ್ಟಿನ ರೂಪ ಬೇರೆಯಿದ್ದರೂ ಗ, ದ, ನ, ಮ ಮೊದಲಾದ ಅಕ್ಷರಗಳನ್ನು ಸ್ವಲ್ಪ ಅಭ್ಯಾಸವಾದ ಕಣ್ಣು ಹಿಡಿಯುತ್ತದೆ. ಬೆಳಕು ನೇರವಾಗಿ ಬಿದ್ದಾಗ ಅಕ್ಷರ ಮಾಯವಾಗುತ್ತವೆ, ಪಕ್ಕದಿಂದ ಓರೆಯಾಗಿ ಬಿದ್ದಾಗ ಏಳುತ್ತವೆ. ಸುಣ್ಣದಪುಡಿ, ಸೀಮೆಸುಣ್ಣ ಏನನ್ನೂ ತಿಕ್ಕಬೇಡಿ. ಜೂಮ್ ಮಾಡಿ ಫೋಟೋ ತೆಗೆದು ಮನೆಯಲ್ಲಿ ಓದಿ.

ಹೆಸರುಗಳ ಕೊನೆಯ ‘ಓಜ’ ಗಮನಿಸಿ: ದಾಸೋಜ, ನಾಗೋಜ, ಮಲ್ಲೋಜ. ಅದು ಕಸುಬಿನ ಗುರುವಿಗೆ ಸಲ್ಲುವ ಮರ್ಯಾದೆಯ ಮಾತು. ಶಿಲ್ಪಿಗೆ ‘ರೂವಾರಿ’ ಎಂಬ ಹೆಸರೂ ಉಂಟು. ದಾಸೋಜ ಮತ್ತು ಅವನ ಮಗ ಚಾವಣ ಬಂದದ್ದು ಬಳ್ಳಿಗಾವೆಯಿಂದ, ಈಗಿನ ಶಿಕಾರಿಪುರ ತಾಲ್ಲೂಕಿನ ಊರು. ಆಗ ಅದು ಕಲ್ಯಾಣದ ಚಾಲುಕ್ಯರ ಸೀಮೆಯ ದೊಡ್ಡ ಪಟ್ಟಣ, ಹೊಯ್ಸಳರು ಆ ಚಾಲುಕ್ಯರ ಸಾಮಂತರು. ಬೇಲೂರಿನ ಕಂಬ, ಬಾಗಿಲವಾಡಗಳಲ್ಲಿ ಚಾಲುಕ್ಯರ ಕೈವಾಡ ಯಾಕೆ ಕಾಣುತ್ತದೆ ಎಂಬುದಕ್ಕೆ ಈ ಸಹಿಗಳೇ ಉತ್ತರ. ಅಪ್ಪ ಮಗ ಇಬ್ಬರೂ ಒಂದೇ ಗುಡಿಯ ಸೂರಿನ ಕೆಳಗೆ ಬೇರೆ ಬೇರೆ ಮದನಿಕೆಯರಿಗೆ ಹೆಸರು ಹಾಕಿದ್ದಾರೆ. ಚಾವಣ ತನ್ನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ಬರೆದಿದ್ದಾನೆ.